ಚಕ್ಕುಬಂದಿ

ದಾವಣಗೆರೆ ತಾಲ್ಲೂಕು ಕಚೇರಿ ಎದುರಿನ ಬೇವಿನ ಬುಡದಲ್ಲಿ
ನನ್ನದೊಂದು ಮೇಜು, ಪ್ರಿಂಟರು, ಅಪ್ಪನ ಕುರ್ಚಿ.
ಬಂದವರು ನನ್ನ ತಲೆಯ ಮೇಲಿಂದ ಇಣುಕಿ ಕೇಳುತ್ತಾರೆ:
'ಪತ್ರ ಬರೆಯೋರು ಎಲ್ಲಿ ಹೋದ್ರು?'
ಬರೆಯೋರು ಎಂಬ ಮಾತಿಗೆ ಮೀಸೆಯಿಲ್ಲ.
ಹಚ್ಚುವುದು ಕೇಳುವವರ ಕಣ್ಣು.

ಆ ಕುರ್ಚಿಗೆ ಕೂತ ವರ್ಷ ನನ್ನನ್ನು ಗಂಡುಬೀರಿ ಎಂದರು,
ಮಧ್ಯಾಹ್ನ ಅಡುಗೆ ಮಾಡಿ ಡಬ್ಬಿ ತಂದ ತಮ್ಮನನ್ನು ಹೆಣ್ಣಿಗ.
ಬೈಗುಳ ಎರಡು,
ಏಟು ಬಿದ್ದದ್ದು ಒಂದೇ ಕಡೆ.

ಈ ಊರಲ್ಲಿ ಗಂಡಸು ಬರುತ್ತಾನೆ, ಹೆಂಗಸು ಬರ್ತತಿ.
'ನಮ್ಮನೇದು ತವರಿಗೆ ಹೋಗೇತಿ' ಅನ್ನುತ್ತಾನೆ ಟೀ ಅಂಗಡಿಯ ಓಂಕಾರಿ.
ಎಮ್ಮೆಗೂ ಹೆಂಡತಿಗೂ ಒಂದೇ ಕ್ರಿಯಾಪದ.
ಅವಳೋ, 'ನಮ್ಮನೆಯವರು ಉಂಡ್ರಾ?' ಎಂದು
ಅದೇ ಮನೆಯಿಂದ ಅವನಿಗೊಂದು ಬಹುವಚನ ತೆಗೆದು ಕೊಡುತ್ತಾಳೆ.
ಅವನು ಅನ್ನುವುದು ಪ್ರೀತಿಯಿಂದಲೇ. ಅದೇ ಕಷ್ಟ.
ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮೊನ್ನೆ ಪ್ಯಾರೀಬಿ ಬಂದರು.
(ಬಂದರು ಎಂದೇ ಬರೆಯುತ್ತೇನೆ.)
ಮೂವತ್ತೊಂದು ವರ್ಷ ಇನ್ನೊಬ್ಬರ ಮಂಡಕ್ಕಿ ಭಟ್ಟಿಯಲ್ಲಿ
ಕಾದ ಮರಳಿಗೆ ಅಕ್ಕಿ ಸುರಿದು, ಜರಡಿ ಆಡಿಸಿ,
ಹೊಗೆಯಲ್ಲಿ ಕೆಮ್ಮಿ ಕೂಡಿಟ್ಟ ದುಡ್ಡು;
ಅದೇ ಭಟ್ಟಿಯನ್ನು ಕೊಳ್ಳಲು ಬಂದಿದ್ದರು.
ಗಂಡ ಬಾಷುಮಿಯಾ ಹೊರಗೆ ಬೆಂಚಿನ ಮೇಲೆ
ಬುತ್ತಿ ಹಿಡಿದು ಕೂತಿದ್ದರು, ಪಾಪದ ಮನುಷ್ಯ.

ಹಳೆಯ ಕ್ರಯಪತ್ರ ತೆರೆದು, ಹೆಸರು ಬದಲಿಸುತ್ತ ಓದಿದೆ:
ಮಾರುವವರು ಶ್ರೀ ಚನ್ನವೀರಪ್ಪ ಬಿನ್ ಗುರುಶಾಂತಪ್ಪ, ವ್ಯಾಪಾರ.
ಕೊಳ್ಳುವವರು ಶ್ರೀಮತಿ ಪ್ಯಾರೀಬಿ ಕೋಂ ಬಾಷುಮಿಯಾ, ಮನೆಗೆಲಸ.
'ಯಾರ ಮನೆಗೆಲಸ?' ಎಂದರು.
ನಾನು ಹಾಕಿದ್ದಲ್ಲ.
ಶ್ರೀಮತಿ ಒತ್ತಿದರೆ ತಾನೇ ಬಂದು ಕೂರುತ್ತದೆ.
ಅಳಿಸಿ, ಭಟ್ಟಿ ಎಂದು ಬರೆದೆ.

'ಆ ಬಿನ್ ನಮ್ಮ ಕಡೆ ಮಾತು ಕಣವ್ವ. ಬಿನ್ ಅಂದ್ರೆ ಮಗ.
ಮಗಳಿಗೆ ಬಿಂತ್ ಅಂತೀವಿ. ಅದೆಲ್ಲಿ?'
ನನಗೆ ಗೊತ್ತೇ ಇರಲಿಲ್ಲ.
ಯಾವ ಕಾಲದಲ್ಲೋ ಯಾವ ದಫ್ತರದವನೋ
ಬಿನ್ನನ್ನು ಕುದುರೆ ಮೇಲೆ ಕೂರಿಸಿಕೊಂಡು ಬಂದ.
ಬಿಂತ್ ದಾರಿಯಲ್ಲೇ ಉಳಿದಳು.
ಅವಳ ಜಾಗದಲ್ಲಿ ಈಗ ಕೋಂ,
ಎಲ್ಲಿಂದ ಬಂತೋ ಯಾರೂ ಕೇಳದ
ಒಂದೇ ಅಕ್ಷರದ ತಾಳಿ.

ಮುಂದೆ ಓದುವಾಗ ನಾಲಿಗೆ ತಡವರಿಸಿತು:
'ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು.'
ಪ್ಯಾರೀಬಿಗೆ ಇಬ್ಬರೂ ಹೆಣ್ಣುಮಕ್ಕಳು.
ಈ ಸಾಲನ್ನು ಎಷ್ಟು ಸಾವಿರ ಸಲ ಟೈಪು ಮಾಡಿದೆನೋ,
ತವರುಮನೆ ತಮ್ಮನ ಹೆಸರಿಗೆ ಹೋದ ಪತ್ರದಲ್ಲೂ,
ಒಂದು ಕಾಗುಣಿತ ತಪ್ಪದೆ.
ಮಕ್ಕಳು ಮೊಮ್ಮಕ್ಕಳು ಎಂದು ತಿದ್ದಿದೆ.
ಲಯ ಕೆಟ್ಟಿತು. ಕೆಡಲಿ.

ಹನ್ನೊಂದೂವರೆಗೆ ಗುಮಾಸ್ತರು ಕರಡು ಹಿಂದಕ್ಕೆ ಕೊಟ್ಟರು.
'ಬಿಂತ್ ಗಿಂತ್ ತಗಳಲ್ಲ ಕಂಪ್ಯೂಟರ್. ಬಿನ್ನು, ಕೋಮು, ಎರಡೇ.'
ಕೋಂ ಹಾಕಿದೆ. ಪ್ಯಾರೀಬಿ ಏನೂ ಅನ್ನಲಿಲ್ಲ.

ಚಕ್ಕುಬಂದಿಗೆ ಮಾತ್ರ ಕಾವಲಿಲ್ಲ.
ಅಲ್ಲಿ ಏನು ಬರೆದರೂ ಯಾರೂ ಓದುವುದಿಲ್ಲ.
ಪೂರ್ವಕ್ಕೆ: ಪಾಲಿಕೆಯ ಚರಂಡಿ.
ಪಶ್ಚಿಮಕ್ಕೆ: ಹೊಟ್ಟಿನ ಗೋದಾಮು.
ದಕ್ಷಿಣಕ್ಕೆ: ಓಣಿ.
ಉತ್ತರಕ್ಕೆ: ಹಫೀಜಾಬಿಯ ಮಗಳು ಪ್ಯಾರೀಬಿ
ಹೋದ ವರ್ಷ ಬಿದ್ದದ್ದನ್ನು ತನ್ನ ಕೂಲಿಯಲ್ಲಿ ಎಬ್ಬಿಸಿದ ಗೋಡೆ.

ಕಂಪ್ಯೂಟರ್ ತೆಗೆದುಕೊಂಡಿತು.
'ಆ ಉತ್ತರದ್ದು ಇನ್ನೊಂದ್ಸಲ ಓದವ್ವ' ಎಂದರು.
ಓದಿದೆ, ಹೊರಗಿನ ಬೆಂಚಿಗೂ ಕೇಳುವ ಹಾಗೆ.

ಆಮೇಲೆ ಒಳಗೆ, ಮರಳಿಗೆ ಸವೆದ ಹೆಬ್ಬೆಟ್ಟು;
ಗಾಜಿನ ಮೇಲೆ ಮೂರು ಸಲ ಇಟ್ಟರೂ
ಯಂತ್ರಕ್ಕೆ ಗುರುತು ಸಿಗಲಿಲ್ಲ.
ಸೆರಗಿಗೆ ಒರೆಸಿಕೊಂಡು
ನಾಲ್ಕನೇ ಸಲ ಒತ್ತಿದರು.